ಬಜೆ ತೇಯುವ ಕಲ್ಲು

ಕಲ್ಲಿನ ಸದ್ದು ನಿಂತ ಮೇಲೆ ಶಾಮಲಾ ಎದ್ದಳು. ಅದು ನಿಲ್ಲುವವರೆಗೂ ಗೋಡೆಯ ಕಡೆ ಮಗ್ಗುಲಾಗಿ, ಸುಣ್ಣ ಹಕ್ಕಳೆ ಎದ್ದ ಜಾಗವನ್ನು ನೋಡುತ್ತ ಮಲಗಿಯೇ ಇದ್ದಳು. ಅಡಿಗೆಮನೆಯಲ್ಲಿ ಅತ್ತೆ ಏನನ್ನೋ ತೇಯುತ್ತಿದ್ದರು. ಸರ್ರೆಂದು ಒಂದು ಸುತ್ತು, ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರೆಳೆಯುವಷ್ಟು ಬಿಡುವು, ಮತ್ತೆ ಒಂದು ಸುತ್ತು. ಇದು ಮೂರನೆಯ ಬೆಳಗು. ಸೋಮವಾರ ಐದೂವರೆಗೆ ಈ ಸದ್ದಿಗೆ ಎಚ್ಚರವಾದಾಗ ಏನಿರಬಹುದು ಎಂದುಕೊಂಡಿದ್ದಳು. ಮಂಗಳವಾರ ಅಷ್ಟನ್ನೂ ಅಂದುಕೊಳ್ಳಲಿಲ್ಲ. ಇವತ್ತು, ಬುಧವಾರ, ಸದ್ದು ಮುಗಿಯಲಿ ಎಂದು ಕಾದಳು, ಅಷ್ಟೆ. ಬೊಂಬಾಯಿಯ ಆಂಟಾಪ್ ಹಿಲ್‌ನ ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹಾಸಿಗೆಯಿಂದ ಅಡಿಗೆಮನೆಗೆ ಎಂಟು ಹೆಜ್ಜೆ. ಎದ್ದು ಹೋಗಿ ಏನದು ಎಂದು ಕೇಳಬಹುದಿತ್ತು. ಕೇಳದಿದ್ದರೂ ನಡೆಯುವಂಥದ್ದನ್ನು ಕೇಳುವುದನ್ನು ಅವಳು ಬಿಟ್ಟು ಎರಡು ವರ್ಷ ದಾಟಿತ್ತು.

ಎಂಬತ್ತೊಂಬತ್ತರ ಮಳೆಗಾಲದಲ್ಲಿ, ವಡಾಳಾ ಸ್ಟೇಷನ್ನಿನ ಈಚೆಗೆ, ಲೋಕಲ್ ರೈಲಿನ ಬಾಗಿಲ ಕಂಬಿಯಿಂದ ಅವಳ ಗಂಡ ಕಿಟ್ಟುವಿನ ಕೈ ಜಾರಿತು. ಮೂರು ತಿಂಗಳ ನಂತರ ಅವನ ಆಫೀಸಿನಿಂದ ಅವಳಿಗೆ ಕಾಗದ ಬಂತು. ಅನುಕಂಪದ ಆಧಾರದ ಮೇಲೆ ಗುಮಾಸ್ತೆಯ ಕೆಲಸ. ಅದರಿಂದಾಗಿ ಮನೆಯೂ ಉಳಿಯಿತು. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದವಳು ಗಂಡ ಕೂರುತ್ತಿದ್ದ ಹಜಾರದಲ್ಲೇ, ಅವನು ಕಟ್ಟಿಟ್ಟಿದ್ದ ಫೈಲುಗಳಿಗೆ ನಂಬರು ಹಾಕುತ್ತ ಕುಳಿತಳು. ಮೊದಲ ದಿನ ಡ್ರಾಯರಿನಲ್ಲಿ ಅವನ ಬಾಚಣಿಗೆ ಸಿಕ್ಕಿತ್ತು. ಅದನ್ನು ನೋಡಿ ಏನೂ ಆಗಲಿಲ್ಲವೆಂಬುದು ಅವಳಿಗೆ ಚೆನ್ನಾಗಿ ನೆನಪಿದೆ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಮುಟ್ಟಿದರೆ ಬೇರೆಯವರ ತುಟಿ ಮುಟ್ಟಿದಂತೆ ಇರುತ್ತದಲ್ಲ, ಹಾಗೆ.

ಅತ್ತೆ, ಅಮ್ಮಣ್ಣಿಯವರು, ಸ್ನಾನ ಮುಗಿಸಿ ಮಡಿಸೀರೆ ಉಟ್ಟು ಒಲೆಕಟ್ಟೆಯ ಅಂಚು ಹಿಡಿದು ನಿಂತಿದ್ದರು. ಆರು ವರ್ಷದ ಹಿಂದೆ ಎದೆಯಲ್ಲಿ ಗಂಟು ತೆಗೆಸಿದ್ದರು. ಹೋಯಿತು ಎಂದುಕೊಂಡದ್ದು ಹೋದ ಚಳಿಗಾಲ ಬೆನ್ನುಮೂಳೆಯಲ್ಲಿ ಕಾಣಿಸಿಕೊಂಡಿತು. ವಾಸಿಯಾಗುವ ಮಾತಿಲ್ಲ, ನೋವಿಲ್ಲದೆ ಇಡಬಹುದು ಎಂದು ಆಸ್ಪತ್ರೆಯ ಡಾಕ್ಟರ್ ಶೀಲಾವತಿ ಹೇಳಿದ್ದರು. ಸಾದಾ ಗುಳಿಗೆಗಳಿಗೆ ನೋವು ಬಗ್ಗದೆ ಕಳೆದ ಶುಕ್ರವಾರ ಹೊಸದಾಗಿ ಬಂದ ಕ್ಯಾಪ್ಸೂಲು ಬರೆದುಕೊಟ್ಟರು. ಅಫೀಮಿನ ಜಾತಿಯದು, ಹನ್ನೆರಡು ಗಂಟೆಗೊಂದು, ಬೆಳಿಗ್ಗೆ ಆರು, ಸಂಜೆ ಆರು. ಹೆಚ್ಚು ಬೇಡ, ಕಡಿಮೆ ಬೇಡ, ಹಾಗೇ ನುಂಗಬೇಕು. ಶಾಮಲಾ ತಲೆಯಾಡಿಸಿದ್ದಳು. ಆಫೀಸಿನಲ್ಲಿ ಸಾಹೇಬರ ಮುಂದೆಯೂ ಅವಳು ಹೀಗೆಯೇ ತಲೆಯಾಡಿಸುತ್ತಿದ್ದಳು.

“ಔಷಧಿ ಆಯ್ತಾ ಅತ್ತೆ?”

“ಆಯ್ತು. ನಾನೇ ತಗೊಂಡೆ.”

ಸೋಮವಾರದಿಂದ ಅವರೇ ತೆಗೆದುಕೊಳ್ಳುತ್ತಿದ್ದರು. ಬಿಡು, ನೀನ್ಯಾಕೆ, ಎಂದಿದ್ದರು; ಶಾಮಲಾ ಬಿಟ್ಟಿದ್ದಳು. ಈಗ ಕಾಫಿಗೆ ನೀರಿಡುತ್ತ ಅವಳ ಕಣ್ಣು ಒಂದೊಂದನ್ನೇ ನೋಡಿತು. ಕಿಟಕಿಯಲ್ಲಿ ತೊಳೆದು ಓರೆಯಾಗಿ ನಿಲ್ಲಿಸಿದ ಪುಟ್ಟ ಕಲ್ಲು. ಕಿಟ್ಟು ಕೂಸಾಗಿದ್ದಾಗ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯಲು ಅತ್ತೆ ಇಟ್ಟುಕೊಂಡಿದ್ದ ಕಲ್ಲು ಅದು. ನಂಜನಗೂಡಿನಿಂದ ಬೊಂಬಾಯಿಗೆ ಟ್ರಂಕಿನ ತಳದಲ್ಲಿ ಬಂದಿತ್ತು. ಕಟ್ಟೆಯ ಮೇಲೆ ಜೇನುತುಪ್ಪದ ಒಂದು ಹನಿ, ಅದರ ಸುತ್ತ ಇರುವೆ. ದೇವರ ಪಟದ ಪಕ್ಕ ಕ್ಯಾಪ್ಸೂಲಿನ ಎರಡು ಪಟ್ಟಿ, ಒಂದು ಪೂರಾ ಖಾಲಿ, ಇನ್ನೊಂದರಲ್ಲಿ ಎರಡು ಗುಳಿ ಒಡೆದಿದ್ದವು. ಕಿಟಕಿಯ ಹೊರಗಿನ ಸಜ್ಜೆಯ ಮೇಲೆ ಅರ್ಧ ಹಳದಿ, ಅರ್ಧ ಕಂದು ಬಣ್ಣದ ಪುಟ್ಟ ಟೊಪ್ಪಿಗೆಗಳಂಥವು ಹತ್ತಿಪ್ಪತ್ತು ಬಿದ್ದಿದ್ದವು. ಎಲ್ಲವನ್ನೂ ನೋಡಿದಳು. ಹಾಲು ಉಕ್ಕಿತು, ಒಲೆ ಸಣ್ಣ ಮಾಡಿದಳು.

ಹೊರಡುವಾಗ ಬಾಗಿಲೆಳೆದುಕೊಂಡಳು, ಏನೂ ಹೇಳಲಿಲ್ಲ. ಈ ಮನೆಯಲ್ಲಿ ಆ ಮಾತು ನಿಂತುಹೋಗಿತ್ತು. ಆ ದಿನ ಕಿಟ್ಟು ಚಪ್ಪಲಿ ಮೆಟ್ಟುತ್ತ, “ಬರ್ತೀನಮ್ಮ, ಆರಕ್ಕೆಲ್ಲ ಬಂದ್ಬಿಡ್ತೀನಿ” ಎಂದಿದ್ದ. ಅತ್ತೆ ಒಳಗಿನಿಂದ “ಹೂಂ, ಬಾ” ಎಂದಿದ್ದರು. ಹೋಗುವವರು ಬರುತ್ತೇನೆ ಎನ್ನುವುದು, ಇರುವವರು ಬಾ ಎನ್ನುವುದು, ಎಲ್ಲ ಮನೆಗಳಲ್ಲೂ ಇರುವುದೇ. ಆಮೇಲೆ ಅದನ್ನು ಹೇಳಬಾರದು ಎಂದು ಇಬ್ಬರೂ ಮಾತಾಡಿಕೊಂಡವರಲ್ಲ. ಅವಳು ಕೆಲಸಕ್ಕೆ ಹೊರಟ ಮೊದಲ ದಿನ ಹೊಸ್ತಿಲಲ್ಲಿ ಬಾಯಿ ತೆರೆದು ಮುಚ್ಚಿದಳು. ಒಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಲ್ಲಿಂದ ಹಾಗೆಯೇ.

ಜಿ.ಟಿ.ಬಿ. ನಗರ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಿಗೆ ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದಳು. ಜನವರಿಯ ಬಿಸಿಲು ಎಳೆಯದಾಗಿತ್ತು. ಎದುರಿಗೆ ಕೂತ ಹೆಂಗಸು ಮಡಿಲಲ್ಲಿ ಪತ್ರಿಕೆ ಹಾಸಿಕೊಂಡು ಹಸಿ ಬಟಾಣಿ ಬಿಡಿಸುತ್ತಿದ್ದಳು. ಹೆಬ್ಬೆರಳಲ್ಲಿ ಒತ್ತುವುದು, ಸಿಪ್ಪೆ ಬಾಯಿ ಬಿಡುವುದು, ಕಾಳು ಉದುರುವುದು, ಸಿಪ್ಪೆ ಕಿಟಕಿಯಿಂದಾಚೆ. ಶಾಮಲಾ ಆ ಹೆಬ್ಬೆರಳನ್ನು ನೋಡುತ್ತಿದ್ದಳು. ಅವಳ ಮನಸ್ಸು ಭಾನುವಾರಕ್ಕೆ ಹೋಗಿತ್ತು. ಮಲಾಡಿನಿಂದ ಅತ್ತೆಯ ತಂಗಿಯ ಮಗಳು ವಿಮಲಾ ಬಂದಿದ್ದಳು, ತನ್ನ ಮಗುವಿನ ನಾಮಕರಣಕ್ಕೆ ಕರೆಯಲು. ಚೀಲದಿಂದ ಕುಂಕುಮದ ಭರಣಿ ಅರ್ಧ ಹೊರಗೆ ತೆಗೆದವಳು, ಇಬ್ಬರ ಹಣೆಯನ್ನೂ ನೋಡಿ, ಅದನ್ನು ಅಲ್ಲೇ ಇಟ್ಟುಕೊಂಡು ಕರ್ಚೀಫು ಹುಡುಕುವವಳಂತೆ ಕೈಯಾಡಿಸಿದಳು. ಅದೇನೂ ನೋಯಲಿಲ್ಲ. “ನೀವಿಬ್ಬರೂ ಬರಲೇಬೇಕು ದೊಡ್ಡಮ್ಮ” ಎಂದಾಗ ಅತ್ತೆ ನಕ್ಕು, “ನಮ್ಮಂಥವರಿಗೆ ಯಾಕೆ ಬಿಡೇ ಅವೆಲ್ಲ. ಇಲ್ಲಿಂದಲೇ ಆಶೀರ್ವಾದ” ಎಂದರು. ನಮ್ಮಂಥವರು. ಅರವತ್ತೆರಡು ವರ್ಷದ ಅವರು ಮತ್ತು ಇಪ್ಪತ್ತೊಂಬತ್ತರ ತಾನು, ಒಂದೇ ಚಾಪೆಯ ಮೇಲೆ ಒಣಹಾಕಿದ ಎರಡು ಹಪ್ಪಳ. ಮಗುವಿಗೆಂದು ದಾದರಿನಲ್ಲಿ ಕೊಂಡಿದ್ದ ಬೆಳ್ಳಿ ಬಟ್ಟಲು ಒಳಗೆ ಟ್ರಂಕಿನಲ್ಲಿತ್ತು. ಅದನ್ನು ತರಲು ಎದ್ದಿದ್ದ ಶಾಮಲಾ ಕಾಫಿ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಅದೇ ಸಂಜೆ ಆರಕ್ಕೆ ಕ್ಯಾಪ್ಸೂಲು ಕೊಡುವಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು, “ಬಾಯಲ್ಲಿ ಅಂಟಂಟಾಗುತ್ತೆ ಕಣೇ. ಇದರ ಸಿಪ್ಪೆ ಯಾತರದು?” ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. “ಜಿಲೆಟಿನ್. ದನದ ಮೂಳೆ ಬೇಯಿಸಿ ತೆಗೀತಾರೆ,” ಎಂದಳು. ಕೇಳಿದ್ದಕ್ಕೆ ಉತ್ತರ ಅದು, ಸತ್ಯವೂ ಹೌದು. ಆದರೆ ಹೇಳುವಾಗ ನಾಲಗೆಯ ಮೇಲೆ ಒಂದು ರುಚಿ ಇತ್ತು. ಎರಡು ವರ್ಷದಲ್ಲಿ ಬಾಯಿಗೆ ಹತ್ತಿದ ಮೊದಲ ರುಚಿ. ಅತ್ತೆ ಕೈಯಲ್ಲಿದ್ದುದನ್ನು ನೋಡಿ, ಸೆರಗಿನಲ್ಲಿ ಸುತ್ತಿ, ಆಮೇಲೆ ತಗೋತೀನಿ ಎಂದು ಒಳಗೆ ಹೋದರು.

ಬಟಾಣಿಯ ಸಿಪ್ಪೆಯೊಂದು ಗಾಳಿಗೆ ಹಿಂದಿರುಗಿ ಶಾಮಲಾಳ ಕಾಲ ಬಳಿ ಬಿತ್ತು. ಖಾಲಿ, ಹಸಿರು, ಬಾಯಿ ತೆರೆದಿತ್ತು. ಸಜ್ಜೆಯ ಮೇಲೆ ಬಿದ್ದಿದ್ದ ಟೊಪ್ಪಿಗೆಗಳು ಕಣ್ಣಮುಂದೆ ಬಂದವು. ಮೂಳೆಯ ಸಿಪ್ಪೆ ಮಡಿಯ ಅಡಿಗೆಮನೆಯಲ್ಲಿ ಇರಬಾರದೆಂದು ಕಿಟಕಿಯಿಂದಾಚೆ ಬಿಸಾಕಿದ್ದಾರೆ. ಒಳಗಿನ ಕಾಳು? ಸಾಸಿವೆಗಿಂತ ಸಣ್ಣ ಬಿಳಿಯ ಕಾಳು ಇರುತ್ತವೆ ಅದರೊಳಗೆ, ಒಂದೊಂದಕ್ಕೂ ಲೇಪ. ಲೇಪ ನಿಧಾನವಾಗಿ ಕರಗಬೇಕು, ಅದಕ್ಕೇ ಹನ್ನೆರಡು ಗಂಟೆ. ಲೇಪ ಒಡೆದರೆ ಹನ್ನೆರಡು ಗಂಟೆಯ ಔಷಧವೆಲ್ಲ ಒಂದೇ ಗಂಟೆಗೆ ರಕ್ತಕ್ಕಿಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮುಗಿದು ನೋವು ಮತ್ತೆ ಬರುತ್ತದೆ, ಆಗ ಇನ್ನೊಂದು. ಹತ್ತರ ಒಂದು ಪಟ್ಟಿ ಇವತ್ತು ಬೆಳಿಗ್ಗೆಗೆ ಸರಿಯಾಗಿ ಮುಗಿಯಬೇಕಿತ್ತು. ಎರಡನೆಯದರಲ್ಲಿ ಎರಡು ಖಾಲಿಯಾಗಿದ್ದವು. ಕಲ್ಲಿನ ಮೇಲೆ, ಜೇನುತುಪ್ಪದಲ್ಲಿ, ಸರ್ರ್, ಸರ್ರ್.

ಆಫೀಸಿನ ಸ್ಟೇಷನ್ನು ಇನ್ನೂ ದೂರವಿತ್ತು, ಶಿವ್ಡಿಯಲ್ಲೇ ಇಳಿದಳು. ಓವರ್‌ಬ್ರಿಜ್ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ವಾಪಸ್ಸು ಹೋಗುವ ಲೋಕಲ್ ಬಂದು ನಿಂತಿತ್ತು. ಹೆಂಗಸರ ಡಬ್ಬಿ ಎದುರಿಗೇ ಇತ್ತು, ನಾಲ್ಕು ಹೆಜ್ಜೆ. ಅವಳು ಹತ್ತಲಿಲ್ಲ. ಕಾಲು ಬರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು, ಆದರೆ ಕಾಲಿಗೆ ಏನೂ ಆಗಿರಲಿಲ್ಲ. ನಿಂತು ಯೋಚಿಸುತ್ತಿದ್ದಳು: ಇದು ನನಗೆ ಈಗ ಗೊತ್ತಾಯಿತೆ, ಅಥವಾ ಸೋಮವಾರವೇ ಗೊತ್ತಿತ್ತೆ. ಕಲ್ಲಿನ ಸದ್ದು ಯಾವ ಕಲ್ಲಿನದೆಂದು ಗೊತ್ತಿತ್ತು. ಆ ಕಲ್ಲು ಔಷಧಿಗಲ್ಲದೆ ಬೇರೆ ಯಾತಕ್ಕೂ ಈಚೆ ಬರುವುದಿಲ್ಲವೆಂದು ಗೊತ್ತಿತ್ತು. ಮನೆಯಲ್ಲಿದ್ದ ಔಷಧಿ ಒಂದೇ. ಇಷ್ಟು ಸಣ್ಣ ಲೆಕ್ಕವನ್ನು ಮೂರು ದಿನ ಮಾಡದೆ ಮಲಗಿದ್ದವಳು ಮರಗಟ್ಟಿದ್ದಳೋ, ಕಾಯುತ್ತಿದ್ದಳೋ. ರೈಲು ಹೊರಟಿತು. ಕೊನೆಯ ಡಬ್ಬಿ ದಾಟುವಾಗ ಬಾಗಿಲಲ್ಲಿ ಒಬ್ಬ ಕಂಬಿ ಹಿಡಿದು ಹೊರಗೆ ಬಾಗಿ ನಿಂತಿದ್ದ, ಷರಟಿನ ಬೆನ್ನು ಗಾಳಿಗೆ ಉಬ್ಬಿತ್ತು. ಒಳಗೆ ಹೋಗು, ಎಂದು ಅವಳ ಬಾಯಿಂದ ಬಂತು, ಕನ್ನಡದಲ್ಲಿ, ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಮುಂದಿನ ಗಾಡಿಗೆ ಹನ್ನೊಂದು ನಿಮಿಷ. ಹನ್ನೊಂದನ್ನೂ ಅವಳು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತೇ ಕಳೆದಳು.

ಬಾಗಿಲು ತೆರೆದದ್ದು ಗುರುಬಾಯಿ. ವಿಜಾಪುರದ ಕಡೆಯವಳು, ಬಿಲ್ಡಿಂಗಿನ ನಾಲ್ಕು ಮನೆಗೆ ಪಾತ್ರೆ ತಿಕ್ಕುತ್ತಿದ್ದಳು. ಕೈಗೆ ಬೂದಿ ಮೆತ್ತಿತ್ತು.

“ಯಾಕ್ರಿ ಅಕ್ಕಾರ, ಗಾಡಿ ಬಂದ್ ಅದಾವೇನು?”

“ಅತ್ತೆ ಎಲ್ಲಿ?”

“ಕುರ್ಚಿಮ್ಯಾಲ ಮಕ್ಕೊಂಡಾರ. ಎಬ್ಬಿಸಬ್ಯಾಡ್ರಿ, ಪಾಪ. ನೀವು ಹೋದ ಬಳಿಕ ಬ್ಯಾನಿ ತಡಕೊಳ್ಳಾಕ ಆಗವಲ್ದು ಅಂತ ಸಂಜಿದೂ ಈಗ ತೇದು ತಿಂದಾರ. ಮೊನ್ನಿಯಿಂದ ನೋಡಾಕತ್ತೀನಿ, ಅದನ್ನ ನೆಕ್ಕಿದ್ರ ಸಾಕು, ಕೂಸಿನಂಗ ಮಕ್ಕೋತಾರ.”

ಅತ್ತೆಯ ತಲೆ ಬಲಭುಜಕ್ಕೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ತುಟಿಯಂಚಿನಲ್ಲಿ ಜೇನು ಒಣಗಿತ್ತು. “ಅತ್ತೆ,” ಎಂದಳು. ಭುಜ ಹಿಡಿದು ಅಲುಗಿಸಿದಳು. ಮಡಿಯಲ್ಲಿದ್ದವರನ್ನು ಮುಟ್ಟಿದ್ದೇನೆ ಎಂಬುದು ತಲೆಗೆ ಬಂದು ಹೋಯಿತು. ಕಣ್ಣು ತೆರೆಯಿತು, ಪಾಪೆ ಸೂಜಿಯ ಮೊನೆಯಷ್ಟಿತ್ತು, ಮತ್ತೆ ಮುಚ್ಚಿತು. ಅಲಾರಂ ಗಡಿಯಾರವನ್ನು ಎದುರಿಗಿಟ್ಟುಕೊಂಡು ಎದೆಯ ಮೇಲಿನ ಸೆರಗನ್ನು ನೋಡಿದಳು. ಅದು ಏಳುತ್ತದೆ, ಇಳಿಯುತ್ತದೆ, ಆಮೇಲೆ ಏನೂ ಇಲ್ಲ. ಏಳುವುದೇ ಇಲ್ಲವೇನೋ ಎನ್ನುವಾಗ ಮತ್ತೆ ಏಳುತ್ತದೆ. ಒಂದು ನಿಮಿಷಕ್ಕೆ ಎಂಟು.

ಫೋನು ಇದ್ದದ್ದು ಕೆಳಗಿನ ಮನೆಯ ಶಾಮಣ್ಣನವರಲ್ಲಿ. ರಿಟೈರಾದ ಮೇಲೆ ಅವರಿಗೆ ಬಿಲ್ಡಿಂಗಿನ ಸಂಕಟಗಳೇ ಕೆಲಸ. “ಏನಮ್ಮಾ, ಹಾರ್ಟಾ?” ಎಂದು ಬನಿಯನ್ನಿನಲ್ಲೇ ಹಿಂದೆ ನಿಂತರು. ಲೈನು ಸಿಕ್ಕಿತು. ಡಾಕ್ಟರ್ ಶೀಲಾವತಿ ಮಾಟುಂಗದಲ್ಲಿ ಹುಟ್ಟಿ ಬೆಳೆದವರು, ಅವರ ಕನ್ನಡ ಅಲ್ಲಲ್ಲಿ ಎಡವುತ್ತಿತ್ತು.

“ಒಡೆದು ಕೊಟ್ರಾ? ಎಷ್ಟು ಕ್ಯಾಪ್ಸೂಲ್? ಟೈಮ್ ಹೇಳಿ.”

“ಐದೂವರೆಗೆ ಒಂದು, ಎಂಟೂವರೆ ಸುಮಾರಿಗೆ ಇನ್ನೊಂದು. ತೇದು.”

“ಶ್ವಾಸ?”

“ಎಂಟು. ಕರೆದರೆ ಕಣ್ಣು ಬಿಡ್ತಾರೆ, ಆಮೇಲೆ ಮುಚ್ಚುತ್ತಾರೆ.”

“ಘಾಬರಿ ಮಾಡ್ಕೋಬೇಡಿ, ಆದ್ರೆ ಲೇಟ್ ಕೂಡ ಮಾಡ್ಬೇಡಿ. ಟ್ಯಾಕ್ಸಿ ಹಿಡೀರಿ, ಸೀದಾ ಕ್ಯಾಜುವಾಲ್ಟಿಗೆ. ನಾನು ಬಾಗಿಲಲ್ಲೇ ಇರ್ತೀನಿ. ಪಟ್ಟಿ ತನ್ನಿ ಜೊತೆಗೆ. ಬಾಯಿಗೆ ಏನೂ ಹಾಕ್ಬೇಡಿ. ಮಲಗಲು ಬಿಡಬೇಡಿ, ಮಾತಾಡಿಸ್ತಾ ಇರಿ. ಉತ್ತರ ಬರಬೇಕು, ಗೊತ್ತಾಯ್ತಾ? ಉತ್ತರ.”

“ಸ್ಟ್ರಾಂಗಾಗಿ ಒಂದು ಲೋಟ ಕಾಫಿ ಕುಡಿಸಿಬಿಡಿ,” ಎಂದರು ಶಾಮಣ್ಣ. “ನಿದ್ದೆ ಮೆಟ್ಟಲಿಳಿಯೋ ಹೊತ್ತಿಗೆ ಹೋಗಿರುತ್ತೆ.”

“ಬೇಡ ಅಂದರು. ಟ್ಯಾಕ್ಸಿ ಕರೆದುಕೊಡ್ತೀರಾ?” ಎಂದಳು. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಅವರು ಬನಿಯನ್ನಿನಲ್ಲೇ ಓಡಿದರು.

ಟ್ಯಾಕ್ಸಿಯಲ್ಲಿ ಅತ್ತೆಯ ತಲೆ ಅವಳ ಭುಜದ ಮೇಲಿತ್ತು. ಆಚೆಗೆ ಗುರುಬಾಯಿ ಕೈ ತೊಳೆಯದೆಯೇ ಕೂತಿದ್ದಳು. ಮಾತಾಡಿಸಬೇಕು, ಉತ್ತರ ಬರಬೇಕು. ಎರಡು ವರ್ಷ ಒಂದೇ ಸೂರಿನಡಿ ಇದ್ದವರ ಹತ್ತಿರ ಏನು ಕೇಳುವುದೆಂದು ಅವಳಿಗೆ ಹೊಳೆಯಲಿಲ್ಲ. ಗ್ಯಾಸು ಬುಕ್ ಮಾಡಿದ್ದೀರಾ? ಉಪ್ಪಿನಕಾಯಿಗೆ ಉಪ್ಪು ಹಾಕಿದ್ರಾ? ಅತ್ತೆ ಹೂಂ ಎಂದರು, ಮತ್ತೆ ಜಾರಿದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಸೆರಗು ಏಳಲಿಲ್ಲ. ಅವಳು ಅವರ ಕೆನ್ನೆ ತಟ್ಟಿ ಕೇಳಿದಳು, “ಅತ್ತೆ, ಕಿಟ್ಟುಗೆ ಬಜೆ ಎಷ್ಟು ಸುತ್ತು ತೇಯ್ತಿದ್ರಿ?”

ಆ ಹೆಸರನ್ನು ಅವನು ಹೋದ ಮೇಲೆ ಅವರಿಬ್ಬರಲ್ಲಿ ಯಾರೂ ಆಡಿರಲಿಲ್ಲ. ಕಣ್ಣು ತೆರೆಯಲಿಲ್ಲ, ಹುಬ್ಬು ಗಂಟಿಕ್ಕಿತು.

“ಬಜೆ ಮೂರು,” ಎಂದರು ಅತ್ತೆ. ನಾಲಗೆ ದಪ್ಪವಾಗಿತ್ತು. “ಅಳಲೆಕಾಯಿ ಎರಡು.”

“ಜಾಯಿಕಾಯಿ?”

“ಒಂದೇ. ಒಂದೇ ಸುತ್ತು ಕಣೇ. ಜಾಸ್ತಿ ಆದ್ರೆ... ಮಗು ಏಳಲ್ಲ.”

“ಯಾರು ಹೇಳಿದ್ದು?”

“ನಮ್ಮಮ್ಮ.”

“ಎಷ್ಟು ತಿಂಗಳವರೆಗೆ ಹಾಕ್ತಿದ್ರಿ? ಅತ್ತೆ. ಎಷ್ಟು ತಿಂಗಳು?”

ಆಸ್ಪತ್ರೆಯ ಗೇಟಿನವರೆಗೆ ಅವಳು ಕೇಳುತ್ತಲೇ ಇದ್ದಳು. ಕಿಟ್ಟು ಯಾವಾಗ ಮಗುಚಿದ, ಯಾವಾಗ ಹಲ್ಲು ಬಂತು, ಬಜೆ ನೆಕ್ಕಿಸಿದರೆ ಮುಖ ಹೇಗೆ ಮಾಡುತ್ತಿದ್ದ. ಒಂದೊಂದು ಉತ್ತರವೂ ಆಳದ ಬಾವಿಯಿಂದ ಸೇದಿದಂತೆ ಬಂತು, ಆದರೆ ಬಂತು. ಗುರುಬಾಯಿ ಯಾಕೆ ಅಳುತ್ತಿದ್ದಾಳೆಂದು ಶಾಮಲಾಳಿಗೆ ತಕ್ಷಣ ತಿಳಿಯಲಿಲ್ಲ.

ಸೂಜಿ ಕೊಟ್ಟ ಕೆಲವೇ ನಿಮಿಷದಲ್ಲಿ ಅತ್ತೆ ಪೂರ್ತಿ ಕಣ್ಣು ತೆರೆದರು. ಕಣ್ಣಿನೊಂದಿಗೆ ನೋವೂ ತೆರೆಯಿತು. ಅವರು ಕಿರುಚಿದವರಲ್ಲ, ಮಂಚದ ಕಬ್ಬಿಣದ ಅಂಚನ್ನು ಹಿಡಿದರು, ಗೆಣ್ಣುಗಳು ಬಿಳಿಯಾದವು. ಔಷಧದ ಅಮಲು ತೆಗೆಯುವ ಸೂಜಿ ಔಷಧದ ಉಪಕಾರವನ್ನೂ ತೆಗೆದುಬಿಡುತ್ತದೆ ಎಂದರು ಡಾಕ್ಟರು; ಸೂಜಿಯ ಗುಣ ಬೇಗ ಇಳಿಯುತ್ತದೆ, ಆಗ ಮತ್ತೆ ಮಂಪರು ಬರಬಹುದು, ಅದಕ್ಕೇ ಕಣ್ಣಿಟ್ಟಿರಬೇಕು. ಆ ಒಂದು ಗಂಟೆ ಶಾಮಲಾ ಗೆಣ್ಣುಗಳನ್ನು ನೋಡುತ್ತ ನಿಂತಿದ್ದಳು. ಅತ್ತೆಯ ನೋವು ಇಷ್ಟಿದೆಯೆಂದು ಅವಳು ಇದುವರೆಗೆ ನೋಡಿರಲಿಲ್ಲ. ನೋಡಿದ್ದಳು, ಬೆಳಗಿನ ಇರುವೆಗಳನ್ನು ನೋಡಿದ ಹಾಗೆ.

ಡಾಕ್ಟರು ಅವಳನ್ನು ಕಾರಿಡಾರಿಗೆ ಕರೆದು, ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಾತಾಡಿದರು. ಬೈಗುಳಕ್ಕಿಂತ ಅದು ಕಡಿಮೆಯಿತ್ತು, ಅದಕ್ಕೇ ಹೆಚ್ಚು ತಾಗಿತು.

“ನಾನು ಹಾಗೇ ನುಂಗಿ ಅಂದಿದ್ದೆ. ಯಾಕೆ ಅಂತ ಹೇಳಿರಲಿಲ್ಲ, ಅದು ನನ್ನ ತಪ್ಪು. ನೀವು ಕೆಮಿಸ್ಟ್ರಿ ಓದಿದವರು ಅಂತ ಬಿಟ್ಟೆ. ಒಡೀಬಾರದು, ಅಗೀಬಾರದು, ತೇಯಬಾರದು. ನೋವು ಬೇಗ ಬಂದ್ರೆ ನನಗೆ ಫೋನ್. ಇನ್ನೊಂದು ನೀವೇ ತಗೊಳ್ಳೋದಲ್ಲ. ನೋವು ಬರೋ ಮೊದಲೇ ಟೈಮಿಗೆ ಕೊಡಬೇಕು, ಬಂದ ಮೇಲೆ ಓಡಿಸೋದು ಕಷ್ಟ. ಯಾರು ಕೊಡ್ತಿದ್ರು ಅವರಿಗೆ?”

“ಅವರೇ ತಗೋತಿದ್ರು.”

“ನೀವೆಲ್ಲಿದ್ರಿ?”

“ಮನೆಯಲ್ಲೇ ಇದ್ದೆ,” ಎಂದಳು.

ಎರಡು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಶುಕ್ರವಾರ ಮಧ್ಯಾಹ್ನ ಡಾಕ್ಟರು ಮಂಚದ ಬಳಿ ಬಂದು ಅತ್ತೆಯನ್ನೇ ಕೇಳಿದರು. ಸಿಪ್ಪೆ ಬೇಡವೆಂದರೆ ಚಪ್ಪಟೆ ಗುಳಿಗೆ ಇದೆ, ಅದು ಕ್ಯಾಪ್ಸೂಲಲ್ಲ, ಆದರೆ ನಾಲ್ಕು ಗಂಟೆಗೊಂದು, ರಾತ್ರಿಯೂ ಹಗಲೂ ತಪ್ಪಬಾರದು. ಇಲ್ಲವೆಂದರೆ ಅದೇ ಕ್ಯಾಪ್ಸೂಲು, ಇಡಿಯಾಗಿ, ಆರಕ್ಕೆ ಮತ್ತು ಆರಕ್ಕೆ. “ಯೋಚನೆ ಮಾಡಿ ಅಮ್ಮ. ಧರ್ಮದ ವಿಷಯ, ನಾನು ಜಬರ್ದಸ್ತಿ ಮಾಡಲ್ಲ,” ಎಂದು ಪಕ್ಕದ ಮಂಚಕ್ಕೆ ಹೋದರು.

ಅತ್ತೆ ಚಾವಣಿಯ ಫ್ಯಾನು ನೋಡುತ್ತಿದ್ದರು. ಶಾಮಲಾ ಮೂಸಂಬಿ ಸುಲಿಯುತ್ತಿದ್ದಳು. ಬಟಾಣಿ ಬಿಡಿಸುತ್ತಿದ್ದ ಹೆಬ್ಬೆರಳು ನೆನಪಾಗಿ ಕೈ ನಿಂತಿತು.

“ಮೂಳೆ ವಿಷಯ ನಾನು ಬೇಕಂತಲೇ ಹೇಳಿದೆ ಅತ್ತೆ. ಅವತ್ತು ವಿಮಲಾ ಹೋದ ಮೇಲೆ.”

ಶಾಮಲಾ ಮೂಸಂಬಿಯನ್ನು ತಟ್ಟೆಯಲ್ಲಿಟ್ಟಳು.

“ಕಲ್ಲಿನ ಸದ್ದೂ ಕೇಳಿಸ್ತಿತ್ತು ನನಗೆ. ಮೂರು ದಿನವೂ.”

“ಕೇಳಿಸಲಿ ಅಂತ್ಲೇ ತೇಯ್ತಿದ್ದಿದ್ದು,” ಎಂದರು ಅತ್ತೆ, ಫ್ಯಾನಿನಿಂದ ಕಣ್ಣು ತೆಗೆಯದೆ. “ಆ ಕಾಳು ಎರಡು ಸುತ್ತಿಗೆ ಪುಡಿಯಾಗುತ್ತೆ. ಅಷ್ಟು ಹೊತ್ತು ತೇಯೋಕೆ ಅದರಲ್ಲೇನಿದೆ? ಎದ್ದು ಬಂದು ಇದೇನು ಮಾಡ್ತಿದೀರಿ ಅಂತ ರೇಗ್ತೀಯ ಅಂದ್ಕೊಂಡೆ. ಬರೀ ತೇದಿದ್ದೇ ಬಂತು.”

ಪಕ್ಕದ ಮಂಚದವಳಿಗೆ ಯಾರೋ ಮರಾಠಿಯಲ್ಲಿ ಮೆಲ್ಲಗೆ ಬೈಯುತ್ತಿದ್ದರು. ಶಿವ್ಡಿಯ ಪ್ಲಾಟ್‌ಫಾರ್ಮಿನಲ್ಲಿ ಬಿಟ್ಟ ಗಾಡಿಯ ವಿಷಯವನ್ನೂ ಈಗಲೇ ಹೇಳಿಬಿಡಬೇಕು ಎನಿಸಿತು ಶಾಮಲಾಳಿಗೆ. ಹೇಳಲಿಲ್ಲ. ಅದು ತನ್ನ ಬಳಿಯೇ ಇರಬೇಕಾದದ್ದು. ಹೇಳಿದರೆ ಅತ್ತೆ ಅದನ್ನೂ ಕ್ಷಮಿಸಿಬಿಟ್ಟಾರು.

“ಆ ಬೆಳ್ಳಿ ಬಟ್ಟಲು ಏನು ಮಾಡಿದೆ?” ಎಂದರು ಅತ್ತೆ.

“ನಿಮಗೆ ಹೇಗೆ...”

“ಟ್ರಂಕು ನನ್ನದಲ್ವೇನೆ.”

“ಅಲ್ಲೇ ಇದೆ.”

“ಹೋಗಿ ಕೊಟ್ಟು ಬಾ. ಮಲಾಡೇನು ಕಾಶಿಯಲ್ಲ. ಆ ಹಸಿರು ಸೀರೆ ಉಟ್ಕೊಂಡು ಹೋಗು, ಇದು ಬೇಡ.” ಆಮೇಲೆ ಡಾಕ್ಟರ ಕಡೆ ತಿರುಗಿ, ಅವರ ಬೆನ್ನಿಗೆ ಹೇಳಿದರು, “ಆರಕ್ಕೆ ಆರಕ್ಕೆ ಕೊಡೋದೇ ಇರಲಿ ಬಿಡಿ.”

ಸಂಜೆ ಮನೆಗೆ ಬಂದಾಗ ಗುರುಬಾಯಿ ಹಾಸಿಗೆ ಬಿಡಿಸಿಟ್ಟಿದ್ದಳು. ಶಾಮಲಾ ಆಸ್ಪತ್ರೆಯಿಂದ ತಂದ ಪಟ್ಟಿಗಳನ್ನು ದೇವರ ಪಟದ ಪಕ್ಕ ಇಡದೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಗುರುಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

“ಅಕ್ಕಾರ, ನನಗೂ ನಡಾ ಹಿಡದೈತ್ರಿ. ಅದರಾಗಿಂದು ಒಂದ ಕೊಡ್ರಲ್ಲ. ನಾ ಏನ ತೇಯಂಗಿಲ್ಲ, ಹಂಗ ನುಂಗತೀನಿ.”

“ಬೇಡ ಗುರುಬಾಯಿ. ಇದು ಅತ್ತೆಯ ನೋವಿಗೆ ಅಂತ ಅಳೆದು ಕೊಟ್ಟಿದ್ದು. ನಾಳೆ ಡಾಕ್ಟರ ಹತ್ತಿರ ನಿನ್ನ ಕರೆದುಕೊಂಡು ಹೋಗ್ತೀನಿ.”

“ಬ್ಯಾನಿಗೂ ಅಳತಿ ಐತೇನ್ರಿ,” ಎಂದು ಗುರುಬಾಯಿ ನಕ್ಕು ಬಕೆಟ್ಟು ಎತ್ತಿಕೊಂಡಳು.

ಸೋಮವಾರ ಅಲಾರಂ ಐದೂಮುಕ್ಕಾಲಿಗೆ ಹೊಡೆಯಿತು. ಕಲ್ಲಿನ ಸದ್ದು ಇರಲಿಲ್ಲ. ಶಾಮಲಾ ಬೀರು ತೆಗೆದು ಒಂದು ಕ್ಯಾಪ್ಸೂಲು ಬಿಡಿಸಿಕೊಂಡು, ಒಂದು ಲೋಟ ನೀರು ತೆಗೆದುಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದಳು. ಅತ್ತೆ ಆಗಲೇ ಸ್ನಾನ ಮಾಡಿ ಮಡಿಯುಟ್ಟು ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದರು. ತಾನಿನ್ನೂ ಮೈಲಿಗೆ. ಅವಳು ಹೊಸ್ತಿಲ ಈಚೆಯೇ ನಿಂತು ಬಾಗಿದಳು. ಅತ್ತೆ ತೀರ್ಥಕ್ಕೆ ಹಿಡಿಯುವಂತೆ ಬಲಗೈ ಬಟ್ಟಲು ಮಾಡಿ ಮುಂದೆ ಚಾಚಿದರು. ಶಾಮಲಾ ಮುಟ್ಟದಂತೆ, ಒಂದು ಗೇಣು ಮೇಲಿಂದ ಹಾಕಲು ಗುರಿ ನೋಡಿದಳು.

“ಮೇಲಿಂದ ಯಾಕೆ ಹಾಕ್ತೀಯ? ಬಿದ್ದು ಎಲ್ಲಾದ್ರೂ ಉರುಳೀತು,” ಎಂದರು ಅತ್ತೆ. “ಕೈಲಿಡು.”

ಹೊಸ್ತಿಲು ದಾಟಿ ಅಂಗೈಯಲ್ಲಿಟ್ಟಳು. ಅಂಗೈ ಬಿಸಿಯಾಗಿತ್ತು, ಒರಟಾಗಿತ್ತು. ಬೆರಳುಗಳು ಅವಳ ಬೆರಳ ತುದಿಯನ್ನು ಒಂದು ಗಳಿಗೆ ಮುಚ್ಚಿಕೊಂಡವು, ಬಿಟ್ಟವು. ಅತ್ತೆ ಕಣ್ಣು ಮುಚ್ಚಲಿಲ್ಲ. ಹಳದಿ-ಕಂದು ಬಣ್ಣವನ್ನು ನೋಡಿಯೇ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಗಂಟಲು ಇಳಿಯುವವರೆಗೆ ಕತ್ತು ಎತ್ತಿ, ಮುಖ ಕಹಿ ಮಾಡಿಕೊಂಡರು. ಬಜೆ ನೆಕ್ಕಿಸಿದರೆ ಕಿಟ್ಟು ಹೀಗೆಯೇ ಮಾಡುತ್ತಿದ್ದನಂತೆ, ಟ್ಯಾಕ್ಸಿಯಲ್ಲಿ ಹೇಳಿದ್ದರು.

ಎಂಟಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ದನಿ ಬಂತು.

“ಸಂಜೇದು ಎಷ್ಟೊತ್ತಿಗೆ ಅಂದೆ?”

“ಆರಕ್ಕೆ.”

“ಬೀಗದ ಕೈ ನಿನ್ನ ಹತ್ರಾನೇ ಇದೆ.”

“ಹೂಂ.”

ಬಾಗಿಲ ಚಿಲಕದ ಮೇಲೆ ಅವಳ ಕೈಯಿತ್ತು. ಒಳಗೆ ಪಾತ್ರೆಯ ಸದ್ದು ಇರಲಿಲ್ಲ, ಯಾವ ಸದ್ದೂ ಇರಲಿಲ್ಲ. ಕೆಳಗೆ ಶಾಮಣ್ಣನವರ ರೇಡಿಯೋ ಎಂಟರ ವಾರ್ತೆ ಹೇಳುತ್ತಿತ್ತು. ತುಟಿಗೆ ಚಳುಕು ಬಂದಂತಾಯಿತು, ಮರಗಟ್ಟಿದ್ದು ಬಿಡುವಾಗ ಬರುವಂಥದ್ದು.

“ಬರ್ತೀನಿ ಅತ್ತೆ,” ಎಂದಳು.

ಒಳಗೆ ಮಣೆ ಸರಿದ ಸದ್ದಾಯಿತು.

“ಹೂಂ,” ಎಂದರು ಒಳಗಿನಿಂದ. “ಬಾ.”